ಗ್ರಾಸಿಯಾಸ್ ಅಂದರೆ

ಪೈಸಂದು ಊರಿನ ದೋಣಿ ಕ್ಲಬ್ಬಿನ ಹಿಂದೆ
ಹುಟ್ಟುಗಳನ್ನು ಗೋಡೆಗೆ ಒರಗಿಸಿಟ್ಟ ಉದ್ದನೆ ಕೋಣೆ.
ಶನಿವಾರ ನಾಲ್ಕಕ್ಕೆ ಆರು ಮಕ್ಕಳು, ಏಳು ಕುರ್ಚಿ,
ಒಂದು ಥರ್ಮಾಸು.

ಈ ಸೀಮೆಯಲ್ಲಿ ಮಾತಿಗಿಂತ ಮೊದಲು ಮಾತೆ ಬರುತ್ತದೆ:
ಅಂಗೈಯೊಳಗೆ ಕೂರುವ ಸೋರೆಬುರುಡೆ, ಒಳಗೆ ಕಹಿ ಸೊಪ್ಪು,
ಬಿಸಿನೀರು, ಎಲ್ಲರ ಬಾಯಿಗೂ ಒಂದೇ ಲೋಹದ ಕೊಳವೆ.
ಹೊಯ್ಯುವವನು ಒಬ್ಬನೇ. ಕುಡಿದು ಅವನಿಗೇ ಮರಳಿಸಬೇಕು,
ಪಕ್ಕದವರಿಗಲ್ಲ.
ಕೊಳವೆ ಅಲುಗಿಸಬಾರದು.
ಇದನ್ನೆಲ್ಲ ಯಾರೂ ಯಾರಿಗೂ ಕಲಿಸುವುದಿಲ್ಲ,
ಹಲ್ಲು ಬಂದ ಹಾಗೆ ತಾನೇ ಬರುತ್ತದೆ ಅಂದುಕೊಂಡಿದ್ದೇವೆ.

ಕಲಿಸುವವಳು ನಾನು. ಸಂಬಳವೂ ಉಂಟು.
ನನ್ನ ಚೀಲದಲ್ಲಿ ಲ್ಯಾಮಿನೇಟ್ ಮಾಡಿಸಿದ ಚೀಟಿಗಳು.
ಕಣ್ಣಲ್ಲಿ ಕಣ್ಣಿಟ್ಟು ಮಾತಾಡು, ಅಂತ ಒಂದಿತ್ತು.
"ಕಣ್ಣು ನೋಡಲೋ, ಮಾತು ಕೇಳಲೋ,
ಎರಡರಲ್ಲಿ ಒಂದು ಹೇಳಿ," ಅಂದಿದ್ದಳು ಬ್ರಿಸಾ.
ಹರಿಯಲು ನೋಡಿದೆ. ಲ್ಯಾಮಿನೇಟು ಹರಿಯುವುದಿಲ್ಲ,
ಕತ್ತರಿ ತರಬೇಕಾಯಿತು.
ಇನ್ನೊಂದು ಚೀಟಿ ಉಳಿದುಕೊಂಡಿತು:
ಯಾರು ಏನು ಕೊಟ್ಟರೂ ಉಪಕಾರ ನೆನೆ,
ಗ್ರಾಸಿಯಾಸ್ ಅನ್ನು.

ಉಲೀಸೆಸ್‌ಗೆ ಹದಿನೈದು.
ನದಿ ಯಾವ ವರ್ಷ ಎಷ್ಟು ಮೀಟರ್ ಏರಿತ್ತು
ಕೇಳಿದರೆ ಹೇಳುತ್ತಾನೆ.
ಕೇಳದಿದ್ದರೂ.
ಮೊದಲ ಶನಿವಾರ ಲೌತಾರೋ ಅವನತ್ತ ಬುರುಡೆ ಚಾಚಿದ.
ಎರಡೂ ಕೈಯಲ್ಲಿ ಹಿಡಿದ, ಹೀರಿದ,
ತಳದಲ್ಲಿ ಗೊರ್ರೆಂದಿತು, ಮರಳಿ ಕೊಟ್ಟ,
ಚೀಟಿಯಲ್ಲಿದ್ದ ಹಾಗೇ, ಅಕ್ಷರ ಬಿಡಿಸಿ:
"ಗ್ರಾಸಿಯಾಸ್."

ಸುತ್ತು ತಿರುಗಿತು. ಅವನನ್ನು ದಾಟಿತು.
ಮತ್ತೊಂದು ಸುತ್ತು. ದಾಟಿತು.
ಹೀಗೆ ಐದು ಶನಿವಾರ. ಪ್ರತಿ ಸಲ ಒಂದು ಸರದಿ,
ಒಂದು ಗ್ರಾಸಿಯಾಸ್, ಆಮೇಲೆ
ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತು
ಬುರುಡೆ ಹೋಗುವುದನ್ನು, ಬರುವುದನ್ನು ನೋಡುವುದು.
ನಾನು ವರದಿ ಪುಸ್ತಕದಲ್ಲಿ ಬರೆದೆ:
ಗುಂಪಿನಲ್ಲಿ ಆಸಕ್ತಿ ಕಡಿಮೆ.
ಆ ಪುಟ ಈಗಲೂ ಇದೆ. ಇರಲಿ.
ಮನೆಯಲ್ಲಿ ಅಮ್ಮನಿಗೆ ಹೇಳಿದ್ದನಂತೆ:
"ಅವರಿಗೆ ನಾನು ಒಂದು ಬುರುಡೆಯಷ್ಟು ಮಾತ್ರ ಇಷ್ಟ."

ಆರನೆಯ ಶನಿವಾರ ಬ್ರಿಸಾ
ಕಿವಿ ಮುಚ್ಚಿದ ದಪ್ಪ ಹೆಡ್‌ಫೋನಿನ ಒಂದು ಬದಿ ಸರಿಸಿ,
ಯಾರನ್ನೂ ನೋಡದೆ, ಗೋಡೆಯ ಹುಟ್ಟುಗಳಿಗೆ ಹೇಳಿದಳು:
"ಮಾತೆ ಕುಡಿದು ಗ್ರಾಸಿಯಾಸ್ ಅಂದರೆ
ಸಾಕು ಅಂತ. ಇನ್ನು ಬೇಡ ಅಂತ.
ನನಗೂ ಗೊತ್ತಿರಲಿಲ್ಲ.
ಒಂಬತ್ತು ತಿಂಗಳು ಬಾಯಾರಿದ್ದೆ."

ಲೌತಾರೋ ಥರ್ಮಾಸಿನ ಮುಚ್ಚಳ ಹಿಡಿದೇ ನಿಂತ.
"ನೀನೇ ಬೇಡ ಅಂದೆ ಅಂತ ನಾನು..."
"ನಾನು ಬೇಕು ಅಂತಲೇ ಹೇಳುತ್ತಿದ್ದೆ," ಉಲೀಸೆಸ್ ಅಂದ.

ಹೊಸ ನಿಯಮ, ಹೊಸ ಚೀಟಿ, ಅಂತ ನಾನು ಬಾಯಿ ತೆರೆದೆ.
ಅಷ್ಟರಲ್ಲಿ ಅವರವರೇ ಜಗಳಕ್ಕಿಳಿದಿದ್ದರು.
ಸಾಕು ಅನ್ನಲು ಏನು ಮಾಡೋಣ?
ಚಪ್ಪಾಳೆ ಬೇಡವೇ ಬೇಡ, ಬ್ರಿಸಾ.
ಕೈಯೆತ್ತಿದರೆ ಶಾಲೆಯಾಯಿತು.
ಕೊನೆಗೆ ಬುರುಡೆಯ ಮೇಲೆ ಬೆರಳಲ್ಲಿ
ಎರಡು ಸಲ, ಟಕ್ ಟಕ್.
"ಹೊರಗೆ?" ಉಲೀಸೆಸ್ ಕೇಳಿದ.
"ಹೊರಗೆ ಸುಮ್ಮನೆ ಮರಳಿಸು.
ಹೊಟ್ಟೆ ತುಂಬಿದ ಮೇಲೆ ಒಂದೇ ಸಲ ಗ್ರಾಸಿಯಾಸ್."
ಅವನು ಬರೆದುಕೊಂಡ. ತನ್ನದೇ ಕೈಬರಹ,
ಲ್ಯಾಮಿನೇಟು ಇಲ್ಲ.

ಅಂದು ಹನ್ನೊಂದು ಬುರುಡೆ ಕುಡಿದ.
ರಾತ್ರಿ ಎರಡಕ್ಕೂ ನಿದ್ದೆ ಹತ್ತದೆ
ಲೌತಾರೋಗೆ ಪ್ರವಾಹಗಳ ಪಟ್ಟಿ ಕಳಿಸಿದ,
ನೀರಿನ ಮಟ್ಟ, ತಾರೀಖು, ಮುಳುಗಿದ ಬೀದಿಗಳ ಸಮೇತ.
ಲೌತಾರೋಗೂ ನಿದ್ದೆ ಬಂದಿರಲಿಲ್ಲ.
"ಆಮೇಲೆ?" ಅಂತ ಬರೆದ.

ಮುಂದಿನ ವಾರ ಹೊಯ್ಯುವ ಕೆಲಸ ನನಗೆ ಕೊಟ್ಟರು.
ಮೊದಲ ಬುರುಡೆ ತೀರ ಕಹಿ,
ಅದು ಹೊಯ್ಯುವವರ ಪಾಲು.
ಕುಡಿದೆ.
ಬ್ರಿಸಾ ನೋಡುತ್ತಲೇ ಇದ್ದಳು, ನನ್ನ ಕಣ್ಣನ್ನಲ್ಲ, ಕೈಯನ್ನು:
"ಕೊಳವೆ ಅಲುಗಿಸಿದಿರಿ."